ಕೋದಂಡಪ್ಪನ ಹೆಸರಲ್ಲಿ ಬೇರೆಯವರ ಎದೆಬಡಿತ

ಕೋದಂಡಪ್ಪನವರ ಎದೆಬಡಿತ ನಡುನಡುವೆ ಐದಾರು ಸೆಕೆಂಡು ಪೂರ್ತಿ ನಿಂತುಹೋಗುತ್ತಿದೆ ಎಂಬ ಸುದ್ದಿ ಬಂದಾಗ ಕೋದಂಡಪ್ಪನವರು ಕಾಮಸಮುದ್ರದ ಹತ್ತಿರದ ತಮ್ಮ ಹೊಲದಲ್ಲಿ ಸೀಮೆಹಸುಗಳಿಗೆ ಮೇವು ಕೊಯ್ಯುತ್ತಿದ್ದರು. ಸುದ್ದಿ ಮೊದಲು ಮುಟ್ಟಿದ್ದು ಅವರಿಗಲ್ಲ, ಬಂಗಾರಪೇಟೆಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ ಇಟ್ಟಿರುವ ಅವರ ಮಗ ನರೇಶನಿಗೆ. ನರೇಶ ಕೂಡಲೇ ಹೆಂಡತಿ ಇಂದ್ರಾಣಿಗೆ ಫೋನ್ ಮಾಡಿದ. ಇಂದ್ರಾಣಿ ಆಗ ಬೆಂಗಳೂರಿನ ರೈಲಿನಲ್ಲಿ ನನ್ನ ಪಕ್ಕದಲ್ಲಿ ಕೂತು ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದಳು.

"ಏನು? ನಿಂತೋಗ್ತಾ ಇದೆಯಾ? ಯಾರ್ದು, ಮಾವಂದಾ?" ಎಂದವಳೇ ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟು ಎದ್ದು ನಿಂತಳು. ರೈಲು ಓಡುತ್ತಿತ್ತು, ಎದ್ದು ಹೋಗುವುದಾದರೂ ಎಲ್ಲಿಗೆ? ಮಾಲೂರು ಬರುವವರೆಗೂ ಬಾಗಿಲ ಹತ್ತಿರವೇ ನಿಂತಿದ್ದಳು. ಮಾಲೂರಿನಲ್ಲಿ ಇಳಿದು ನನ್ನ ಕಡೆ ತಿರುಗಿಯೂ ನೋಡದೆ ಆಚೆ ಪ್ಲಾಟ್‌ಫಾರಂಗೆ ಓಡಿದಳು.

ನಾನು ಬೆಂಗಳೂರಿನ ಒಂದು ಶಾಲೆಯಲ್ಲಿ ಕನ್ನಡ ಪಾಠ ಮಾಡುತ್ತೇನೆ. ಬಂಗಾರಪೇಟೆಯಿಂದ ಹೋಗಿ ಬರುವವರಲ್ಲಿ ನಾವಿಬ್ಬರೂ ಬಹಳ ವರ್ಷಗಳಿಂದ ಒಂದೇ ಬೋಗಿಯವರು. ಈ ಕಥೆಯಲ್ಲಿ ನಾನು ಕಣ್ಣಾರೆ ಕಂಡದ್ದು ಸ್ವಲ್ಪ. ಮಿಕ್ಕದ್ದನ್ನು ಇಂದ್ರಾಣಿಯೇ ಆಮೇಲೆ ದಿನಕ್ಕಷ್ಟಷ್ಟು ಹೇಳಿದಳು.

ಅವಳು ಹುಟ್ಟಿದ್ದು ಕೆ.ಜಿ.ಎಫ್.ನ ನಂದಿದುರ್ಗದ ಲೈನ್ ಮನೆಯಲ್ಲಿ. ಅಪ್ಪ ಗಣಿಯಲ್ಲಿ ಕೂಲಿ. ಅವಳು ಸ್ಕೂಲಿನಲ್ಲಿದ್ದಾಗಲೇ ಗಣಿ ಮುಚ್ಚಿತು. ಅಮ್ಮ ಮುನಿಶಾಮಮ್ಮ ಕಟ್ಟಡದ ಕೆಲಸಕ್ಕೆ ಹೋಗಿ ಮಗಳನ್ನು ಓದಿಸಿದಳು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ನೆಂಟರು ಬಂದರೆ ತೆಲುಗು. ಮೂರೂ ಸೇರಿದ ಅವಳ ಮಾತು ಕೇಳಲು ನನಗೆ ಖುಷಿ. ಪಾಲಿಟೆಕ್ನಿಕ್ ಮುಗಿಸಿ, ಕೆಲಸ ಮಾಡಿಕೊಂಡೇ ಇಂಜಿನಿಯರಿಂಗ್ ಓದಿ, ವೈಟ್‌ಫೀಲ್ಡ್ ಕಡೆಯ ಒಂದು ಸಣ್ಣ ಕಂಪನಿ ಸೇರಿದಳು. ಆ ಕಂಪನಿ ಹಳ್ಳಿಯ ಆಸ್ಪತ್ರೆಗಳಿಗೆಂದು ಕೈಯಲ್ಲಿ ಹಿಡಿದು ಓಡಾಡಬಹುದಾದ ಇಸಿಜಿ ಯಂತ್ರ ಮಾಡುತ್ತದೆ.

ಅಲ್ಲಿ ಅವಳ ಕೆಲಸ ಏನೆಂದು ನನಗೆ ಅರ್ಥವಾಗಲು ತುಂಬಾ ಕಾಲ ಹಿಡಿಯಿತು. ಮೊಬೈಲಿಗೆ ಇರುವ ಹಾಗೆ ಆ ಯಂತ್ರಕ್ಕೂ ಒಂದು ಆಪರೇಟಿಂಗ್ ಸಿಸ್ಟಮ್ ಬೇಕಂತೆ. ಅದನ್ನು ಅವರೇ ಬರೆದುಕೊಂಡಿದ್ದರು. ಅದರಲ್ಲಿ ಫೈಲ್ ಸಿಸ್ಟಮ್ ಎಂಬ ಭಾಗ ಇಂದ್ರಾಣಿಯ ಪಾಲಿನದು. ಯಾರ ಎದೆಬಡಿತದ ಗೆರೆ ಮೆಮೊರಿ ಚಿಪ್ಪಿನ ಯಾವ ಜಾಗದಲ್ಲಿ ಕೂರಬೇಕು, ಅಳಿಸು ಎಂದರೆ ಏನಾಗಬೇಕು, ಬರೆಯುತ್ತಿರುವಾಗಲೇ ಕರೆಂಟು ಹೋದರೆ ಏನಾಗಬೇಕು, ಇದನ್ನೆಲ್ಲ ತೀರ್ಮಾನಿಸುವುದು ಅದೇ.

"ಎಲ್ಲಾ ಬೇಕು ಅಂತಾರೆ ಅಕ್ಕ. ಚಿಪ್ ನೋಡಿದ್ರೆ ಇಷ್ಟೇ ಇಷ್ಟು. ಏನು ಇಟ್ಕೊಳ್ಳೋದು ಅನ್ನೋದಕ್ಕಿಂತ ಏನು ಬಿಡೋದು ಅನ್ನೋದೇ ನನ್ನ ಕೆಲಸ," ಎನ್ನುತ್ತಿದ್ದಳು.

ಆ ಬಿಡುವ ಕೆಲಸದ ಜಗಳ ನಮ್ಮ ರೈಲಿನಲ್ಲೇ ನಡೆದಿತ್ತು. ಅವಳ ಕಂಪನಿಯ ಹಿರಿಯ ಪೆರುಮಾಳ್ ಸಹ ಕೆ.ಜಿ.ಎಫ್.ನವರು, ಮಾರಿಕುಪ್ಪಂ ಕಡೆಯಿಂದ ಅದೇ ಗಾಡಿಯಲ್ಲಿ ಬರುತ್ತಿದ್ದರು. ತಯಾರಾದ ಯಂತ್ರಗಳನ್ನು ಪರೀಕ್ಷಿಸುವುದು ಅವರ ಕೆಲಸ. ಇಬ್ಬರೂ ಎದುರುಬದುರು ಕೂತು ಮಾತಾಡುತ್ತಿದ್ದುದನ್ನು ಕೇಳಿ ಕೇಳಿ ನನಗೂ ಒಂದಿಷ್ಟು ತಿಳಿಯಿತು.

ಒಬ್ಬರ ಇಸಿಜಿಯನ್ನು ಯಂತ್ರದಲ್ಲಿ ಉಳಿಸುವುದು ಹೊರಗಿನಿಂದ ನೋಡಿದರೆ ಒಂದೇ ಕೆಲಸ. ಒಳಗೆ ಎರಡು. ಗೆರೆಯನ್ನು ಒಂದು ಖಾಲಿ ಜಾಗದಲ್ಲಿ ಬರೆಯಬೇಕು. ಇಂಥ ಹೆಸರಿನವರ ಗೆರೆ ಇಂಥ ಜಾಗದಲ್ಲಿದೆ ಎಂದು ಬೇರೆ ಕಡೆ ಗುರುತು ಹಾಕಬೇಕು. ಇವೆರಡರ ಮಧ್ಯೆ ಕರೆಂಟು ಹೋದರೆ ತೊಂದರೆ. ಎರಡನ್ನೂ ಮುಂಚೆಯೇ ಇನ್ನೊಂದು ಕಡೆ ಬರೆದಿಟ್ಟುಕೊಂಡರೆ ಪೂರ್ತಿ ಕಾಪಾಡಬಹುದು. ಆದರೆ ಪ್ರತಿಯೊಂದನ್ನೂ ಎರಡೆರಡು ಸಲ ಬರೆದು ಚಿಪ್ಪು ಬೇಗ ಸವೆಯುತ್ತದೆ. ಇಂದ್ರಾಣಿ ಗುರುತನ್ನು ಮಾತ್ರ ಹಾಗೆ ಕಾಪಾಡಿದರೆ ಸಾಕು, ಗೆರೆ ತನ್ನ ಪಾಡಿಗೆ ಆಮೇಲೆ ಬರೆದುಕೊಳ್ಳಲಿ ಎಂದಳು. ಅಳಿಸು ಎಂದಾಗ ಹೆಸರನ್ನಷ್ಟೇ ತೆಗೆಯುವುದು, ಒಳಗಿನ ಗೆರೆಯನ್ನು ಒರೆಸುವ ಶ್ರಮ ಬೇಡ, ಮುಂದೆ ಬಂದವರ ಗೆರೆ ಅದರ ಮೇಲೆ ಬರುತ್ತದಲ್ಲ ಎಂದಳು. ನರ್ಸು ಒತ್ತಿದ ತಕ್ಷಣ "ಉಳಿಸಲಾಗಿದೆ" ಎಂದು ಪರದೆಯ ಮೇಲೆ ಬರಬೇಕು, ಹೊರಗೆ ಜನ ಕ್ಯೂ ನಿಂತಿರುತ್ತಾರೆ ಎಂಬುದು ಅವಳ ವಾದ.

ಪೆರುಮಾಳ್ ಒಂದು ವಿಷಯಕ್ಕೆ ಮಾತ್ರ ಹಟ ಹಿಡಿದರು. ಗೆರೆಯನ್ನೆಲ್ಲ ಲೆಕ್ಕ ಹಾಕಿ ಅದಕ್ಕೊಂದು ತಾಳೆ ಸಂಖ್ಯೆ ಕೊಡುವುದು, ತೆರೆಯುವಾಗ ಮತ್ತೆ ಲೆಕ್ಕ ಹಾಕಿ ಸಂಖ್ಯೆ ಹೊಂದದಿದ್ದರೆ ಇದನ್ನು ನಂಬಬೇಡಿ ಎಂದು ಯಂತ್ರವೇ ಹೇಳುವುದು. ಅದಕ್ಕೆ ಚೆಕ್‌ಸಮ್ ಅನ್ನುತ್ತಾರೆ.

"ಇದೊಂದು ಇರ್ಲಿ ಮಾ. ಎದೆ ವಿಷಯ," ಎಂದರು ಪೆರುಮಾಳ್.

"ಸಾರ್, ಒಳಗೆ ಬ್ಯಾಟರಿ ಇದೆ. ಗೋಡೆ ಕರೆಂಟ್ ಹೋದ್ರೂ ಮಿಷನ್ ಆರೋದೇ ಇಲ್ಲ. ಆಗದೇ ಇರೋದಕ್ಕೆ ಕಾವಲು ಯಾಕೆ? ಮಿಷನ್ ನಿಧಾನ ಆಗುತ್ತೆ ಅಷ್ಟೇ."

ಪೆರುಮಾಳ್ ನಕ್ಕು ಒಪ್ಪಿದರು. ಅವಳ ಮಾತಿನಲ್ಲಿ ತಪ್ಪೇನೂ ಅವರಿಗೂ ಕಾಣಲಿಲ್ಲ. ಯಂತ್ರ ಹಗುರಾಯಿತು, ಚುರುಕಾಯಿತು. ಒಂದು ವರ್ಷದೊಳಗೆ ಅದು ಕೋಲಾರ ಜಿಲ್ಲೆಯ ಎಷ್ಟೋ ಕ್ಲಿನಿಕ್ಕುಗಳಿಗೆ ಹೋಯಿತು. ಕಾಮಸಮುದ್ರದಲ್ಲಿ ಒಂದು ಟ್ರಸ್ಟಿನವರು ನಡೆಸುವ ಕ್ಲಿನಿಕ್ಕಿಗೂ ಹೋಯಿತು.

ಕೋದಂಡಪ್ಪನವರು ಹಿಂದಿನ ದಿನ ಆ ಕ್ಲಿನಿಕ್ಕಿಗೆ ಹೋಗಿದ್ದದ್ದು ಕಣ್ಣಿನ ಪೊರೆ ತೆಗೆಸುವ ಆಪರೇಷನ್ನಿಗೆ ಮುಂಚೆ ಇಸಿಜಿ ಬೇಕೆಂದು. ಅಲ್ಲಿ ನರ್ಸು ತೆಗೆದ ಗೆರೆ ಫೋನಿನ ಮೂಲಕ ಕೋಲಾರದ ಒಬ್ಬ ಹೃದಯದ ಡಾಕ್ಟರಮ್ಮನಿಗೆ ಹೋಗುತ್ತದೆ. ಆಕೆ ಬೆಳಿಗ್ಗೆ ಅದನ್ನು ನೋಡಿ ತಕ್ಷಣ ಕ್ಲಿನಿಕ್ಕಿಗೆ ಫೋನ್ ಮಾಡಿದ್ದರು. ಹೃದಯದೊಳಗೆ ಬಡಿತದ ಸಂಕೇತ ದಾಟುವ ದಾರಿಯೇ ಆಗಾಗ ಕಡಿದುಹೋಗುತ್ತಿದೆ, ಈ ಮನುಷ್ಯ ಯಾವ ಗಳಿಗೆಯಲ್ಲಾದರೂ ಕುಸಿಯಬಹುದು, ಇವತ್ತೇ ಕರೆತನ್ನಿ ಎಂದಿದ್ದರು.

ನರೇಶ, ಇಂದ್ರಾಣಿ ಇಬ್ಬರೂ ಕಾರು ಮಾಡಿಕೊಂಡು ಹೊಲಕ್ಕೆ ಹೋದರು. ಕೋದಂಡಪ್ಪ ಕುಡುಗೋಲು ಹಿಡಿದೇ ಎದ್ದು ನಿಂತರು.

"ನಂಗೇನ್ಲಾ ಆಗೈತೆ? ಈಗ ತಾನೆ ಒಂದು ಒರೆ ಮೇವು ಒತ್ಕೊಂಡು ಓಗಿ ಆಕಿ ಬಂದಿವ್ನಿ."

"ಅಪ್ಪಾ, ಕುಡುಗೋಲು ಕೆಳಗಾಕು. ಮಾತಾಡ್ಬ್ಯಾಡ. ಕಾರು ಅತ್ತು," ಎಂದ ನರೇಶ.

"ಮಾವ, ನೀವು ಒಂದು ಹೆಜ್ಜೆನೂ ಜೋರಾಗಿ ಇಡ್ಬೇಡಿ," ಎಂದು ಇಂದ್ರಾಣಿ ಅವರ ತೋಳು ಹಿಡಿದಳು.

ಆ ಹಿಡಿತದಿಂದಲೇ ಮುದುಕರಿಗೆ ಹೆದರಿಕೆ ಹತ್ತಿತು. ಕೋಲಾರ ಮುಟ್ಟುವವರೆಗೂ ಅವರು ಒಂದೇ ಒಂದು ಮಾತಾಡಿದರು. "ಕಂದು ಅಸ ಈ ವಾರ ಈಯ್ತದೆ, ನೋಡ್ಕೊಳ್ಳಿ."

ಆಸ್ಪತ್ರೆಯಲ್ಲಿ ಅವರ ಎದೆಗೆ ವೈರುಗಳನ್ನು ಅಂಟಿಸಿ ಮಾರನೇ ದಿನದವರೆಗೂ ಮಲಗಿಸಿದರು. ಪರದೆಯ ಮೇಲೆ ಗೆರೆ ಒಂದೇ ಸಮ ಓಡುತ್ತಿತ್ತು. ಇಂದ್ರಾಣಿ ಅದನ್ನೇ ನೋಡುತ್ತಾ ಕೂತಿದ್ದಳು. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾದಿದ್ದಷ್ಟೇ ಬಂತು, ಒಂದು ಬಡಿತವೂ ತಪ್ಪಲಿಲ್ಲ. ಮಾರನೇ ದಿನ ಡಾಕ್ಟರಮ್ಮ ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಒಂದು ಕ್ಲಿನಿಕ್ಕಿನಿಂದ ಬಂದದ್ದು, ಇನ್ನೊಂದು ಆಸ್ಪತ್ರೆಯಲ್ಲಿ ತೆಗೆದದ್ದು.

"ಇವೆರಡೂ ಒಬ್ಬರದ್ದೇ ಅಂತ ನನಗೆ ಅನಿಸ್ತಾ ಇಲ್ಲ. ನಿಲ್ಲೋದು ಬಿಡಿ, ನಿಲ್ಲದೆ ಇರೋ ಕಡೆಯೂ ಅಲೆಯ ಆಕಾರ ಬೇರೆ. ಕ್ಲಿನಿಕ್ಕಿಂದ ಬಂದಿರೋದು ನಿಮ್ಮ ಮಾವನವರದಲ್ಲ."

ನರೇಶ ಗೋಡೆಗೆ ಒರಗಿ ಜೋರಾಗಿ ಉಸಿರು ಬಿಟ್ಟ. ಕೋದಂಡಪ್ಪ ಎದ್ದು ಕೂತು ಪಂಚೆ ಸರಿ ಮಾಡಿಕೊಂಡರು. "ನಾ ಏಳ್ನಿಲ್ವಾ? ನಡೀರಿ ಓಗಾನ, ಅಸ ಐತೆ."

"ಆ ನರ್ಸಮ್ಮಂಗೆ ಬುದ್ಧಿ ಐತಾ? ಎಸ್ರು ಅದಲು ಬದಲು ಮಾಡವ್ಳೆ. ನಮ್ಮ ಜೀವ ತೆಗೆದ್ಬಿಟ್ಲು. ಟ್ರಸ್ಟಿನೋರಿಗೆ ಏಳಿ ಕೆಲಸದಿಂದ ತೆಗೆಸ್ತೀನಿ," ಎಂದ ನರೇಶ. ಸಂತೋಷಕ್ಕೋ ಸಿಟ್ಟಿಗೋ ಅವನ ಕಣ್ಣಲ್ಲಿ ನೀರಿತ್ತು.

ಇಂದ್ರಾಣಿ ಕ್ಲಿನಿಕ್ಕಿನಿಂದ ಬಂದ ಕಾಗದವನ್ನು ಕೈಗೆ ತೆಗೆದುಕೊಂಡಿದ್ದಳು. ಮೂಲೆಯಲ್ಲಿ ತನ್ನ ಕಂಪನಿಯ ಗುರುತು ಇತ್ತು. ಅದನ್ನು ಅವಳು ನಿನ್ನೆಯೇ ನೋಡಿದ್ದಳು. ನಮ್ಮ ಯಂತ್ರವೇ ಮಾವನ ಕಾಯಿಲೆ ಹಿಡಿದುಕೊಟ್ಟಿತಲ್ಲ ಎಂದು ಒಳಗೊಳಗೇ ಸಮಾಧಾನವನ್ನೂ ಪಟ್ಟಿದ್ದಳು. ಈಗ ನೋಡಿದರೆ ಹೆಸರು ಸರಿ, ವಯಸ್ಸು ಸರಿ, ತಾರೀಕು ಸರಿ. ಗೆರೆ ಮಾತ್ರ ಇನ್ನೊಬ್ಬರದು. ನರ್ಸು ಹೆಸರು ತಪ್ಪಾಗಿ ಬರೆದಿದ್ದರೂ ಹೀಗಾಗಬಹುದಿತ್ತು. ಆದರೆ ಇನ್ನೊಂದು ದಾರಿಯಿಂದಲೂ ಹೀಗಾಗಬಹುದು. ಆ ದಾರಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಇರಲಿ ಎಂದು ಬಿಟ್ಟವಳೇ ಅವಳು.

ಇಂದ್ರಾಣಿ ಆಸ್ಪತ್ರೆಯ ವರಾಂಡದ ಬೆಂಚಿನ ಮೇಲೆ ಕೂತುಬಿಟ್ಟಳಂತೆ. ನರೇಶ ನೀರು ತರಲು ಹೋದ. ಡಾಕ್ಟರಮ್ಮ ಹೊರಗೆ ಬಂದು, ಇವಳಿಗೆ ಗಾಬರಿಗೆ ಹೀಗಾಗಿದೆ ಎಂದುಕೊಂಡು ಭುಜ ತಟ್ಟಿದರು. ತಟ್ಟಿ, ಹೋಗುತ್ತಾ ಹೋಗುತ್ತಾ ತಿರುಗಿ ನಿಂತು ಕೇಳಿದರು.

"ಅಲ್ಲಮ್ಮ, ಇದು ನಿಮ್ಮ ಮಾವನದಲ್ಲ ಅಂದ್ರೆ ಮತ್ತೆ ಯಾರದು?"

ಆ ಪ್ರಶ್ನೆ ಅಲ್ಲಿಯವರೆಗೆ ಯಾರಿಗೂ ಹೊಳೆದಿರಲಿಲ್ಲ. ಕೋದಂಡಪ್ಪನವರ ಜೀವ ಉಳಿಯಿತೆಂಬ ಗಲಾಟೆಯಲ್ಲಿ ಆ ಗೆರೆಯನ್ನೇ ಎಲ್ಲರೂ ಮರೆತಿದ್ದರು. ಅದು ಯಂತ್ರ ಕಟ್ಟಿದ ಸುಳ್ಳು ಗೆರೆಯಲ್ಲ, ನಿಜವಾದ ಒಂದು ಹೃದಯದ್ದು. ಆ ಹೃದಯ ಹೊತ್ತವರು ತಮಗೇನೂ ಆಗಿಲ್ಲವೆಂದುಕೊಂಡು ಎಲ್ಲೋ ಓಡಾಡುತ್ತಿದ್ದಾರೆ.

ಕೋದಂಡಪ್ಪನವರನ್ನು ಮನೆಗೆ ಬಿಟ್ಟು ಗಂಡ ಹೆಂಡತಿ ಅದೇ ಕಾರಿನಲ್ಲಿ ಕ್ಲಿನಿಕ್ಕಿಗೆ ಹೋದರು. ಅಲ್ಲಿಯ ನರ್ಸು ಶ್ಯಾಮಲ ಚಿಕ್ಕ ವಯಸ್ಸಿನವಳು, ಕೆ.ಜಿ.ಎಫ್.ನಿಂದ ಬಂದು ಹೋಗುವವಳು. ಬಾಗಿಲಲ್ಲೇ ನರೇಶ ಬೈಯಲು ಶುರು ಮಾಡಿದ. ಅವಳು ಅಳುತ್ತಾ ಒಂದೇ ಮಾತು ಹೇಳುತ್ತಿದ್ದಳು, "ನಾನು ಎಸ್ರು ತಪ್ಪಾಕಿಲ್ಲ ಅಣ್ಣ. ತಾತನ್ನ ಮಲಗಿಸಿ, ಕೇಳಿ ಕೇಳಿ ಆಕಿದೀನಿ."

"ನೀವು ಸುಮ್ನಿರಿ," ಎಂದು ಇಂದ್ರಾಣಿ ಗಂಡನನ್ನು ಹಿಂದಕ್ಕೆ ಸರಿಸಿದಳು. "ಶ್ಯಾಮಲ, ನಿಂದು ತಪ್ಪಿಲ್ಲ. ನಾನು ಕೇಳಿದ್ದಕ್ಕೆ ಮಾತ್ರ ಹೇಳು. ಮಾವಂದು ತೆಗೆದಾಗ ಕರೆಂಟ್ ಹೋಯ್ತಾ?"

"ಓಯ್ತಕ್ಕ. ಸೇವ್ ಅಂತ ಒತ್ತಿದೆ, ಉಳಿಸಲಾಗಿದೆ ಅಂತ ಬಂತು, ಆಗ್ಲೇ ಓಯ್ತು. ಬಂದ್ಮೇಲೆ ನೋಡಿದ್ರೆ ತಾತನ ಎಸ್ರಲ್ಲಿ ಫೈಲ್ ಇತ್ತು. ಕಳಿಸ್ದೆ."

"ಕರೆಂಟ್ ಹೋದ್ರೆ ಮಿಷನ್ ಯಾಕೆ ಆರಿತು? ಬ್ಯಾಟರಿ?"

ಶ್ಯಾಮಲ ಯಂತ್ರವನ್ನು ತಂದು ಹಿಂಬದಿಗೆ ತಿರುಗಿಸಿದಳು. ಬ್ಯಾಟರಿಯ ಜಾಗ ಖಾಲಿ ಇತ್ತು. "ಅದು ಊದ್ಕೊಂಡಿತ್ತು ಅಕ್ಕ. ಸಿಡೀತದೆ ಅಂತ ಎಲ್ರೂ ಎದುರಿಸಿದ್ರು. ತೆಗೆದಾಕಿ, ಗೋಡೆಗೆ ಚುಚ್ಚಿ ನಡೆಸ್ತಾ ಇದೀವಿ. ಚೆನ್ನಾಗೇ ಕೆಲಸ ಮಾಡ್ತದಲ್ಲ?"

ಚೆನ್ನಾಗೇ ಕೆಲಸ ಮಾಡುತ್ತಿತ್ತು. ಬ್ಯಾಟರಿ ಇಲ್ಲದೆಯೂ ನಡೆಯುವ ಹಾಗೆ ಮಾಡಿದ್ದು ಅವರದೇ ಕಂಪನಿ. ಬ್ಯಾಟರಿ ಇದ್ದೇ ಇರುತ್ತದೆ ಎಂದುಕೊಂಡು ಫೈಲ್ ಸಿಸ್ಟಮ್ ಬರೆದವಳು ಅದೇ ಕಂಪನಿಯ ಇಂದ್ರಾಣಿ. ಇವೆರಡನ್ನೂ ಒಟ್ಟಿಗೆ ಯೋಚಿಸಿದವರು ಯಾರೂ ಇರಲಿಲ್ಲ.

ಇನ್ನು ಉಳಿದದ್ದು ಒಂದೇ ಪ್ರಶ್ನೆ. ಅದನ್ನೂ ಇಂದ್ರಾಣಿ ಕೇಳಿದಳು. "ಮಾವನಿಗಿಂತ ಮುಂಚೆ ಯಾರದಾದ್ರೂ ತೆಗೆದು ಅಳಿಸಿದ್ಯಾ?"

ಶ್ಯಾಮಲ ಕಣ್ಣೊರೆಸಿಕೊಂಡು ಯೋಚಿಸಿದಳು. "ಊಂ. ಒಬ್ಬಮ್ಮಂದು. ಸುಸ್ತು, ಕಣ್ ಕತ್ಲೆ ಬತ್ತದೆ ಅಂತ ಬಂದಿದ್ರು. ಮೊದಲ್ನೇ ಸಲ ಗೆರೆ ಮಧ್ಯಮಧ್ಯ ಚಪ್ಪಟೆ ಬಂತು. ವೈರ್ ಲೂಸಾಗೈತೆ ಅನ್ಕೊಂಡೆ ಅಕ್ಕ, ಅಂಗೆ ಆಗ್ತಾ ಇರ್ತದೆ. ವೈರೆಲ್ಲಾ ಒತ್ತಿ ಇನ್ನೊಂದ್ಸಲ ತೆಗೆದೆ, ಸರಿಯಾಗಿ ಬಂತು. ಅದನ್ನಿಟ್ಕೊಂಡು ಮೊದಲ್ನೇದು ಅಳಿಸ್ದೆ. ಆಮೇಲೇನೇ ತಾತ ಬಂದಿದ್ದು."

ನರೇಶನಿಗೆ ಏನೂ ಅರ್ಥವಾಗಲಿಲ್ಲ. ಇಂದ್ರಾಣಿಗೆ ಎಲ್ಲ ಅರ್ಥವಾಯಿತು. ಅಳಿಸಿದಾಗ ಆ ಹೆಂಗಸಿನ ಹೆಸರಷ್ಟೇ ಹೋಗಿತ್ತು, ಗೆರೆ ಅಲ್ಲೇ ಬಿದ್ದಿತ್ತು. ಖಾಲಿಯಾದ ಆ ಜಾಗವನ್ನೇ ಯಂತ್ರ ಕೋದಂಡಪ್ಪನವರಿಗೆ ಕೊಟ್ಟಿತು. ಹೆಸರಿನ ಗುರುತು ಹಾಕಿಯಾಗಿತ್ತು, ಅವರ ಗೆರೆಯನ್ನು ಇನ್ನೂ ಬರೆಯಬೇಕಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಯಂತ್ರ ಮತ್ತೆ ಎದ್ದಾಗ ಆ ಹೆಂಗಸಿನ ನಿಂತು ನಿಂತು ಬಡಿಯುವ ಹೃದಯ ಕೋದಂಡಪ್ಪನ ಹೆಸರಿನಡಿ ಕೂತಿತ್ತು. ವೈರು ಸಡಿಲವಾಗಿರಲಿಲ್ಲ. ಕೋಲಾರದ ಡಾಕ್ಟರಮ್ಮ ಅದನ್ನು ನೋಡಿದ ತಕ್ಷಣ ಕಾಯಿಲೆ ಎಂದು ಗುರುತಿಸಿದ್ದರು. ಎರಡನೇ ಸಲ ತೆಗೆದ ಆ ಒಂದು ನಿಮಿಷದಲ್ಲಿ ಮಾತ್ರ ಹೃದಯ ಸುಮ್ಮನೆ ಸರಿಯಾಗಿ ನಡೆದಿತ್ತು.

"ಯಾರು ಆಯಮ್ಮ?"

"ಚಿಕ್ಕವೆಂಕಟಮ್ಮ ಅಂತ. ಏನೂ ಇಲ್ಲಮ್ಮ, ಚೆನ್ನಾಗಿದೀಯ ಅಂತ ಏಳಿ ಕಳಿಸ್ಬಿಟ್ಟೆನಲ್ಲಕ್ಕ," ಎಂದವಳೇ ಶ್ಯಾಮಲ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಚಿಕ್ಕವೆಂಕಟಮ್ಮನ ಫೋನ್ ಸ್ವಿಚ್ ಆಫ್ ಆಗಿತ್ತು. ಶ್ಯಾಮಲಳನ್ನೂ ಕೂರಿಸಿಕೊಂಡು ಅವಳ ಊರಿಗೆ ಹೋದರೆ ಮನೆಗೆ ಬೀಗ. ಪಕ್ಕದ ಮನೆಯವರು, "ಸೊಪ್ಪು ಮಾರಾಕೆ ಬಂಗಾರಪೇಟೆಗೆ ಓಗ್ಬೇಕು ಅಂತಿದ್ಲು, ರೈಲ್ ಟೇಸನ್‌ಗೆ ಓಗಿರ್ತಾಳೆ," ಎಂದರು. ಕಾರು ಕಾಮಸಮುದ್ರದ ಸ್ಟೇಷನ್ನಿಗೆ ಓಡಿತು.

ಪ್ಲಾಟ್‌ಫಾರಮ್ಮಿನ ತುದಿಯಲ್ಲಿ ಐದಾರು ಜನ ಹೆಂಗಸರು ನಿಂತಿದ್ದರು. ಶ್ಯಾಮಲ ದೂರದಿಂದಲೇ ಕೈ ತೋರಿಸಿದಳು. ಐವತ್ತು ದಾಟಿದ, ಸಣ್ಣ ಮೈಕಟ್ಟಿನ ಹೆಂಗಸು. ತಲೆಯ ಮೇಲೆ ದಂಟುಸೊಪ್ಪಿನ ಮಂಕರಿ. ನಿಂತಿದ್ದದ್ದು ಪ್ಲಾಟ್‌ಫಾರಮ್ಮಿನ ಅಂಚಿಗೆ.

ಇಂದ್ರಾಣಿ ಹತ್ತಿರ ಹೋಗಿ ಮೊದಲು ಅವಳನ್ನು ಒಳಕ್ಕೆ ಕರೆದಳು. "ಅಮ್ಮಾ, ಸ್ವಲ್ಪ ಈ ಕಡೆ ಬನ್ನಿ. ನಿಮ್ಮ ಎದೆ ಪರೀಕ್ಷೆ ವಿಷಯ. ನೀವು ಈಗ್ಲೇ ಕೋಲಾರಕ್ಕೆ ಬರ್ಬೇಕು."

ಚಿಕ್ಕವೆಂಕಟಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಏಮಮ್ಮ, ಯಾರು ನೀನು? ಈ ನರ್ಸಮ್ಮನೇ ನಿನ್ನೆ ಮೊನ್ನೆ ಚೆನ್ನಾಗಿವ್ನಿ ಅಂದ್ಲಲ್ಲ."

"ತಪ್ಪಾಗಿತ್ತಮ್ಮ. ನಿಮ್ಮ ಎದೆಬಡಿತ ಆಗಾಗ ನಿಂತೋಗ್ತಾ ಇದೆ."

ಚಿಕ್ಕವೆಂಕಟಮ್ಮ ನಕ್ಕುಬಿಟ್ಟಳು. ಪಕ್ಕದ ಹೆಂಗಸರ ಕಡೆ ತಿರುಗಿ, "ಕೇಳಿದ್ರೇನ್ರೇ? ಎದೆ ನಿಂತೋಗೈತಂತೆ. ಅದು ನಿಂತೋದ್ರೆ ನಾ ಎಂಗಮ್ಮಾ ನಿಂತಿವ್ನಿ? ಸೊಪ್ಪು ಬಾಡೋಯ್ತದೆ, ಗಾಡಿ ಬತ್ತ..."

ಮಾತು ಅಲ್ಲಿಗೆ ನಿಂತಿತು. ಬಾಯಿ ತೆರೆದಂತೆಯೇ ಇತ್ತು. ಕಣ್ಣು ಇಂದ್ರಾಣಿಯ ಮುಖದ ಮೇಲೇ ಇತ್ತು, ಆದರೆ ಅದರಲ್ಲಿ ನೋಟವಿರಲಿಲ್ಲ. ಮಂಕರಿ ನಿಧಾನಕ್ಕೆ ವಾಲಿತು. ನರೇಶ ಮಂಕರಿ ಹಿಡಿದ, ಇಂದ್ರಾಣಿ ಎರಡು ಕೈಯಲ್ಲೂ ಆಕೆಯ ಸೊಂಟ ತಬ್ಬಿ ನಿಂತಳು. ಪಕ್ಕದವರಲ್ಲಿ ಒಬ್ಬಳು ಇನ್ನೂ ನಗುತ್ತಲೇ ಇದ್ದಳು, ಏನಾಗುತ್ತಿದೆ ಎಂದೇ ಅವಳಿಗೆ ತಿಳಿದಿರಲಿಲ್ಲ. ಕಾಗದದ ಮೇಲೆ ಅಂಗೈಯುದ್ದ ಚಪ್ಪಟೆಯಾಗಿ ಕಂಡದ್ದು ಈಗ ಒಂದು ಮುಖದ ಮೇಲೆ ನಡೆಯುತ್ತಿತ್ತು. ತೋಳಿನಲ್ಲಿದ್ದ ಮೈ ಮೂಟೆಯ ಹಾಗೆ ಭಾರವಾಯಿತು.

"...ದೆ ಈಗ," ಎಂದಳು ಚಿಕ್ಕವೆಂಕಟಮ್ಮ. ಆಮೇಲೆ ತನ್ನ ಸೊಂಟ ಹಿಡಿದಿದ್ದ ಕೈಗಳನ್ನು ನೋಡಿ ರೇಗಿದಳು. "ಯಾಕಮ್ಮ ಇಂಗೆ ಇಡ್ಕೊಂಡಿದೀಯ? ನನ್ನ ಮಂಕರಿ ಎಲ್ಲಿ?"

ಮಾತು ಕಡಿದದ್ದೇ ಆಕೆಗೆ ಗೊತ್ತಿರಲಿಲ್ಲ. ನಗುತ್ತಿದ್ದ ಹೆಂಗಸು ಈಗ "ಅಯ್ಯೋ ದೇವುಡಾ" ಎಂದು ಎದೆಗೆ ಕೈ ಇಟ್ಟುಕೊಂಡಳು. ಇಂದ್ರಾಣಿಗೆ ಬಿಡಲು ಆಗಲಿಲ್ಲ. ತಬ್ಬಿಕೊಂಡೇ ಗೊಳೋ ಎಂದು ಅತ್ತಳಂತೆ. ಆ ಅಳು ನೋಡಿ ಚಿಕ್ಕವೆಂಕಟಮ್ಮ ಹೆದರಿ, ಮರುಮಾತಾಡದೆ ಕಾರು ಹತ್ತಿದಳು. ಕೋಲಾರದಲ್ಲಿ ಅವತ್ತೇ ಅವಳಿಗೆ ತಾತ್ಕಾಲಿಕವಾಗಿ ಬಡಿತ ಕೊಡುವ ವೈರು ಹಾಕಿ, ಎರಡು ದಿನದ ಮೇಲೆ ಎದೆಯ ಚರ್ಮದಡಿ ಪೇಸ್‌ಮೇಕರ್ ಇಟ್ಟರು.

ಊರಿನಲ್ಲಿ ಇದು ದೊಡ್ಡ ಸುದ್ದಿಯಾಯಿತು. ಕೋದಂಡಪ್ಪನ ಸೊಸೆ ಹುಡುಕಿಕೊಂಡು ಹೋಗಿ ಜೀವ ಉಳಿಸಿದಳು ಎಂದು ಜನ ಹೊಗಳಿದರು. ಯಾರೋ ಮನೆಗೆ ಬಂದು ಕುಂಕುಮ ಹಚ್ಚಿ ಹೋದರು. ಆ ಹೊಗಳಿಕೆ ಅವಳನ್ನು ಇನ್ನಷ್ಟು ಕಂಗೆಡಿಸಿತು.

"ಅದು ನನ್ನ ಕೆಲಸ ಅಲ್ಲಕ್ಕ. ಬರೀ ತಪ್ಪು ಕೂಡಿ ಬಂದಿದ್ದು. ನಾನು ಸರಿಯಾಗಿ ಬರೆದಿದ್ರೆ ಆಯಮ್ಮನ ಗೆರೆ ಅಳಿಸಿದಾಗ್ಲೇ ಹೋಗಿರೋದು, ಯಾರ ಕಣ್ಣಿಗೂ ಬೀಳ್ತಾ ಇರಲಿಲ್ಲ. ಅಂದ್ರೆ ಸರಿ ಬರೆದಿದ್ರೆ ಆಯಮ್ಮ ಸಾಯ್ತಾ ಇದ್ರು. ತಪ್ಪು ಬರೆದಿದ್ದಕ್ಕೆ ಇನ್ಯಾರು ಸತ್ತಿದಾರೋ ಗೊತ್ತಿಲ್ಲ." ಇದನ್ನು ಹೇಳಿದ ದಿನ ಅವಳು ವೈಟ್‌ಫೀಲ್ಡಿನಲ್ಲಿ ಇಳಿಯುವುದನ್ನೇ ಮರೆತು ನನ್ನ ಜೊತೆ ಮುಂದಕ್ಕೆ ಬಂದುಬಿಟ್ಟಿದ್ದಳು.

ಇದಾದ ಮೇಲೆ ಅವಳು ಕಂಪನಿಗೆ ಹೋದ ಮೊದಲ ದಿನವೇ ಎಲ್ಲರ ಮುಂದೆ ನಡೆದದ್ದನ್ನು ಹೇಳಿದಳು. ಪೆರುಮಾಳ್ "ಕಡವುಳೇ" ಎಂದು ದೇವರನ್ನು ಕರೆದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಂಪನಿಯ ಯಜಮಾನರು, ಸದ್ದಿಲ್ಲದೆ ಹೊಸ ಸಾಫ್ಟ್‌ವೇರ್ ಕಳಿಸಿಬಿಡೋಣ ಎಂದರು.

"ಮುಂದಿನದಕ್ಕೆ ಸರಿ ಸಾರ್. ಈಗಾಗ್ಲೇ ಹೋಗಿರೋ ಗೆರೆಗಳಲ್ಲಿ ತಪ್ಪು ಯಾವುದು?" ಎಂದಳು ಇಂದ್ರಾಣಿ.

"ಹುಡುಕಿ."

"ಹುಡುಕೋದಕ್ಕೆ ಆಗಲ್ಲ ಸಾರ್. ನೋಡೋದಕ್ಕೆ ಎಲ್ಲಾ ಒಂದೇ ಥರ ಇವೆ. ಯಾವುದು ನಿಜ ಅಂತ ಹೇಳೋ ತಾಳೆ ಸಂಖ್ಯೆನ ನಾನೇ ಬೇಡ ಅಂತ ತೆಗೆಸಿದೀನಿ."

ಪೆರುಮಾಳ್ ಆಗ ಮಾತಾಡಿದರು. ನಾನು ಹೇಳಿದ್ದೆ ಎಂದು ಅವರು ಅನ್ನಬಹುದಿತ್ತು. ಅನ್ನಲಿಲ್ಲ. "ಒಪ್ಪಿ ಸಹಿ ಹಾಕಿದವನು ನಾನೂ. ಎಲ್ಲಾ ಕ್ಲಿನಿಕ್ಕಿಗೂ ಫೋನ್ ಮಾಡೋಣ ಸಾರ್. ಬ್ಯಾಟರಿ ತೆಗೆದಿರೋರು ಯಾರು ಅಂತ ಕೇಳೋಣ. ಅವರ ಹತ್ರ ತೆಗೆಸ್ಕೊಂಡೋರನ್ನೆಲ್ಲ ಮತ್ತೆ ಕರೆಸಿ ಇನ್ನೊಂದು ಸಲ ತೆಗೀಬೇಕು. ಬೇರೆ ದಾರಿ ಇಲ್ಲ."

ಯಜಮಾನರು ಕೊನೆಗೆ ಹೂಂ ಎಂದರು. ಆ ತಿಂಗಳೆಲ್ಲ ಇಂದ್ರಾಣಿ, ಪೆರುಮಾಳ್ ಇಬ್ಬರೂ ರೈಲಿನಲ್ಲೂ ಫೋನ್ ಹಿಡಿದೇ ಇರುತ್ತಿದ್ದರು. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಅದೇ ಮಾತು. ಬ್ಯಾಟರಿ ತೆಗೆದಿದ್ದ ಕ್ಲಿನಿಕ್ಕುಗಳು ಅವರು ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚಿದ್ದವು. ಮುಳಬಾಗಿಲ ಕಡೆಯ ಒಬ್ಬ ರೈತ ಯಾರದೋ ಹೃದಯದ ಕಾಯಿಲೆಗೆ ತಾನು ಮಾತ್ರೆ ನುಂಗುತ್ತಿದ್ದುದು ಗೊತ್ತಾಯಿತು. ಆ ಗೆರೆಯ ನಿಜವಾದ ಒಡೆಯರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ಇದನ್ನು ಹೇಳುವಾಗ ಪೆರುಮಾಳರ ಧ್ವನಿಯೂ ತಗ್ಗುತ್ತದೆ.

ಹೊಸ ಫೈಲ್ ಸಿಸ್ಟಮ್ಮಿನಲ್ಲಿ ಗೆರೆ ಪೂರ್ತಿ ಬರೆದಾದ ಮೇಲೆಯೇ ಹೆಸರಿನ ಗುರುತು. ತಾಳೆ ಸಂಖ್ಯೆ ಹೊಂದದ ಗೆರೆ ತೆರೆಯುವುದೇ ಇಲ್ಲ. "ಉಳಿಸಲಾಗಿದೆ" ಎಂಬ ಮಾತು ನಿಜವಾಗಿ ಉಳಿಸಿದ ಮೇಲಷ್ಟೇ ಬರುತ್ತದೆ, ನರ್ಸು ಕಾಯಬೇಕು. ಯಂತ್ರ ಮೊದಲಿಗಿಂತ ನಿಧಾನ. ಹೊರಗೆ ಕಳಿಸುವ ಮುಂಚೆ ಇಂದ್ರಾಣಿ ಬ್ಯಾಟರಿ ತೆಗೆದು, ಬರೆಯುತ್ತಿರುವಾಗಲೇ ಪ್ಲಗ್ಗು ಕಿತ್ತು, ಮತ್ತೆ ಚುಚ್ಚಿ, ಮತ್ತೆ ಕಿತ್ತು, ವಾರಗಟ್ಟಲೆ ಅದನ್ನೇ ಮಾಡಿದಳು.

ಒಂದು ವಿಷಯ ಮಾತ್ರ ಬಗೆಹರಿಯದೆ ಉಳಿದಿತ್ತು. ಅಳಿಸಿದ್ದನ್ನು ಏನು ಮಾಡುವುದು? ಒರೆಸಿಬಿಡಬೇಕು, ಜನರ ಖಾಸಗಿ ವಿಷಯ ಯಂತ್ರದಲ್ಲಿ ಬಿದ್ದಿರಬಾರದು ಎಂದು ಕಂಪನಿಯಲ್ಲಿ ಹಲವರು ಹೇಳಿದರು. ಇಂದ್ರಾಣಿ ಒಂದು ದಿನ ಶ್ಯಾಮಲಳಿಗೆ ಫೋನ್ ಮಾಡಿ ಕೇಳಿದಳು. ನಾನು ಪಕ್ಕದಲ್ಲಿದ್ದೆ.

"ನಂಗೆ ಎದುರಿಕೆ ಅಕ್ಕ," ಎಂದಳು ಶ್ಯಾಮಲ. "ಈಗ ಅಳಿಸು ಅಂತ ಒತ್ತಾಕೇ ಕೈ ಓಗಲ್ಲ. ಲೂಸೋ ಕಾಯಿಲೆನೋ ನಂಗೆಂಗೆ ಗೊತ್ತಾಯ್ತದೆ? ಅಳಿಸಿದ್ದನ್ನೂ ಡಾಕ್ಟ್ರು ಒಂದ್ಸಲ ನೋಡೋ ಅಂಗೆ ಮಾಡಿ."

ಇಂದ್ರಾಣಿ ಆ ಮಾತನ್ನು ಹಾಗೇ ಕಂಪನಿಗೆ ಮುಟ್ಟಿಸಿದಳು. ಕೊನೆಗೆ ಅಳಿಸಿದ ಗೆರೆ ಆಯಾ ಹೆಸರಿನಲ್ಲೇ ಬೇರೆ ಕಡೆ ಉಳಿದು, ಡಾಕ್ಟರು ನೋಡಿ ಬೇಡವೆಂದ ಮೇಲೆ ಗುರುತೂ ಸಿಗದ ಹಾಗೆ ಒರೆಸಿ ಹೋಗುವಂತೆ ಮಾಡಿದರು. ಅದಕ್ಕೆ ಚಿಪ್ಪಿನಲ್ಲಿ ಜಾಗ ಸಾಲದೆ, ನರ್ಸುಗಳು ಇಷ್ಟಪಟ್ಟಿದ್ದ ಬಣ್ಣಬಣ್ಣದ ಚಿತ್ರಗಳ ಮುಖಪುಟವನ್ನೇ ಬಿಟ್ಟುಬಿಡಬೇಕಾಯಿತು. ಈಗ ಆ ಯಂತ್ರ ತೆರೆದರೆ ಬಿಳಿ ಪರದೆಯ ಮೇಲೆ ಬರೀ ಕಪ್ಪು ಅಕ್ಷರ. ನೋಡಲು ಚೆನ್ನಾಗಿಲ್ಲ ಎಂದು ಕ್ಲಿನಿಕ್ಕುಗಳಿಂದ ದೂರು ಬರುತ್ತಲೇ ಇದೆ. ಇಂದ್ರಾಣಿ ಒಂದೊಂದಕ್ಕೂ ತಾನೇ ಕೂತು ಉತ್ತರ ಬರೆಯುತ್ತಾಳೆ.